ಡಾಲರಿನ ಬೀಗಕ್ಕೆ ಗ್ರಂಥಾಲಯದ ಕೀಲಿಕೈ

ಸಂಶೋಧನಾ ಲೇಖನ ಪೂರ್ತಿ ಓದಲು ಕೈಯಿಂದ ಹಣ ಹಾಕಬೇಕಾಗಿಲ್ಲ. ದಾರಿ ಗೊತ್ತಿದ್ದರೆ ಸಾಕು

ಮುಂಬಯಿ: ಉಡುಪಿ ಹೊಟೇಲು ಇಲ್ಲದ ಪೇಟೆಯನ್ನು ಈ ಮಹಾನಗರದಲ್ಲಿ ಹುಡುಕುವುದು ಕಷ್ಟ. ಊರಿನಲ್ಲಿ ನಾಲ್ಕಕ್ಷರ ಕಲಿತು, ಬಸ್ಸೇರಿ ಬಂದು, ಹಗಲು ಗ್ಲಾಸು ತೊಳೆದು, ರಾತ್ರಿ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಲೇ ಎಸ್ಸೆಸ್ಸಿ ಮುಗಿಸಿದ ನಮ್ಮವರ ಕಥೆ ಮುಂಬಯಿ ಕನ್ನಡಿಗರ ಮನೆಮನೆಯಲ್ಲೂ ಇದೆ. ಆ ತಲೆಮಾರಿನವರ ಮಕ್ಕಳು ಇಂದು ಪದವಿ, ಸ್ನಾತಕೋತ್ತರ ಪದವಿ ದಾಟಿ ಪಿಎಚ್.ಡಿ. ವರೆಗೂ ಬಂದಿದ್ದಾರೆ. ಇದು ಹೆಮ್ಮೆಯ ಸಂಗತಿ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಇಲ್ಲಿಯವರೆಗೆ ಬಂದ ಮಕ್ಕಳು ಎಡವುವ ಒಂದು ಹೊಸ್ತಿಲು ಇದೆ. ಅದರ ಬಗ್ಗೆ ಮನೆಯಲ್ಲಿ ಹೇಳಿಕೊಡುವವರು ಇಲ್ಲ, ಕಾಲೇಜಿನಲ್ಲಿಯೂ ಹಲವೆಡೆ ಯಾರೂ ಕೂರಿಸಿ ಕಲಿಸುವುದಿಲ್ಲ.

ಡೊಂಬಿವಲಿಯ ಒಬ್ಬ ವಿದ್ಯಾರ್ಥಿನಿ ಎಂದಿಟ್ಟುಕೊಳ್ಳಿ. ತಂದೆ ಕುಂದಾಪುರ ಕಡೆಯವರು, ಮೂವತ್ತು ವರ್ಷ ಹೊಟೇಲಿನಲ್ಲಿ ದುಡಿದವರು. ಮಗಳು ಆರಿಸಿಕೊಂಡ ವಿಷಯವೂ ಅದೇ: ಮುಂಬಯಿಯ ಉಡುಪಿ ಹೊಟೇಲುಗಳು ಮತ್ತು ಅಲ್ಲಿ ದುಡಿದವರ ಬದುಕು. ಯಾವುದೋ ಮಹಾಪ್ರಬಂಧದ ಕೊನೆಯ ಪುಟದಲ್ಲಿ ಆಕೆಗೆ ಒಂದು ಲೇಖನದ ಹೆಸರು ಸಿಗುತ್ತದೆ. 'ವಾಟ್ ದ ಸೈನ್‌ಬೋರ್ಡ್ ಹೈಡ್ಸ್'. ದಕ್ಷಿಣ ಭಾರತದ ಸಣ್ಣ ಹೊಟೇಲುಗಳಲ್ಲಿ ಆಹಾರ, ಜಾತಿ ಮತ್ತು ಉದ್ಯೋಗದ ಸಂಬಂಧವನ್ನು ಕುರಿತು ವೇಗಾರ್ಡ್ ಐವರ್ಸನ್ ಮತ್ತು ಪಿ. ಎಸ್. ರಾಘವೇಂದ್ರ ಬರೆದದ್ದು. 2006ರಲ್ಲಿ 'ಕಾಂಟ್ರಿಬ್ಯೂಶನ್ಸ್ ಟು ಇಂಡಿಯನ್ ಸೋಶಿಯಾಲಜಿ' ಎಂಬ ವಿದ್ವತ್ ಪತ್ರಿಕೆಯ 40ನೇ ಸಂಪುಟದಲ್ಲಿ ಪ್ರಕಟವಾದದ್ದು.

ಆಕೆ ಮೊಬೈಲಿನಲ್ಲಿ ಹೆಸರು ಹಾಕಿ ಹುಡುಕುತ್ತಾಳೆ. ಲೇಖನದ ಹತ್ತು ಸಾಲಿನ ಸಾರಾಂಶ ಕಾಣಿಸುತ್ತದೆ. ಅದರ ಕೆಳಗೆ ಬೀಗದ ಚಿತ್ರ. ಪೂರ್ತಿ ಓದಬೇಕಾದರೆ ಹಣ ಕಟ್ಟಿ ಎಂಬ ಸೂಚನೆ. ವಿದೇಶಿ ಪ್ರಕಾಶಕರು ಇಂಥ ಒಂದು ಲೇಖನಕ್ಕೆ ಕೇಳುವ ಬೆಲೆ ಸಾಮಾನ್ಯವಾಗಿ 30-40 ಡಾಲರ್, ಅಂದರೆ ಹೆಚ್ಚುಕಡಿಮೆ 3 ಸಾವಿರ ರೂಪಾಯಿ. ಒಂದು ಮಹಾಪ್ರಬಂಧಕ್ಕೆ ಇಂಥ ನೂರಾರು ಲೇಖನ ಬೇಕು. ಅಪ್ಪನ ಬದುಕಿನ ಬಗ್ಗೆ ಲೋಕ ಏನು ಬರೆದಿದೆ ಎಂದು ಓದಲು ಮಗಳ ಕೈಯಲ್ಲಿ ದುಡ್ಡಿಲ್ಲ!

ಹೆಚ್ಚಿನವರು ಇಲ್ಲಿಯೇ ಕೈಚೆಲ್ಲುತ್ತಾರೆ. ಕೆಲವರು ಸಾರಾಂಶವನ್ನಷ್ಟೇ ಓದಿ, ಇಡೀ ಲೇಖನ ಓದಿದಂತೆ ಉಲ್ಲೇಖಿಸಿ ಮುಂದೆ ಹೋಗುತ್ತಾರೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಒಂದು ಪ್ರಶ್ನೆ ಕೇಳಿದರೆ ಬಣ್ಣ ಬಯಲಾಗುತ್ತದೆ. ಇನ್ನು ಕೆಲವರು ವಿಷಯವನ್ನೇ ಬದಲಿಸುತ್ತಾರೆ. ಆ ಬೀಗದ ಕೀಲಿಕೈ ತಮ್ಮದೇ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಇರಬಹುದು, ತಾವು ಕಟ್ಟಿದ ಶುಲ್ಕದಲ್ಲಿಯೇ ಅದರ ಪಾಲು ಸೇರಿರಬಹುದು ಎಂಬ ತಿಳಿವಳಿಕೆ ಬಹಳ ಮಂದಿಗೆ ಇರುವುದಿಲ್ಲ.

ಮೊದಲು ಪೂರ್ತಿ ವಿಳಾಸ ಬರೆದಿಡಿ

ಮುಂಬಯಿಯಲ್ಲಿ ಒಬ್ಬರ ಮನೆ ಹುಡುಕಬೇಕಾದರೆ ಹೆಸರು ಮಾತ್ರ ಗೊತ್ತಿದ್ದರೆ ಸಾಲದು. ಸ್ಟೇಷನ್, ಪೂರ್ವವೋ ಪಶ್ಚಿಮವೋ, ರಸ್ತೆ, ಬಿಲ್ಡಿಂಗ್, ಕೋಣೆ ನಂಬರ್ ಎಲ್ಲವೂ ಬೇಕು. ಸಂಶೋಧನಾ ಲೇಖನಕ್ಕೂ ಹೀಗೆಯೇ ಒಂದು ವಿಳಾಸವಿದೆ. ಲೇಖಕರ ಹೆಸರು, ಲೇಖನದ ಶೀರ್ಷಿಕೆ, ಪತ್ರಿಕೆಯ ಹೆಸರು, ಸಂಪುಟ, ಸಂಚಿಕೆ, ವರ್ಷ, ಪುಟಸಂಖ್ಯೆ. ಮೇಲಿನ ಲೇಖನವನ್ನೇ ತೆಗೆದುಕೊಂಡರೆ ಸಂಪುಟ 40, ಸಂಚಿಕೆ 3, ಪುಟ 311ರಿಂದ 341. ಇಷ್ಟು ಬರೆದುಕೊಂಡು ಹೋದರೆ ಗ್ರಂಥಪಾಲರ ಅರ್ಧ ಕೆಲಸ ಮುಗಿದಂತೆ.

ಇತ್ತೀಚಿನ ಲೇಖನಗಳಿಗೆ ಇವೆಲ್ಲದರ ಜತೆಗೆ 'ಡಿಒಐ' ಎಂಬ ಗುರುತುಸಂಖ್ಯೆಯೂ ಇರುತ್ತದೆ. 10 ಎಂಬ ಅಂಕೆಯಿಂದ ಆರಂಭವಾಗುವ ಈ ಸಂಖ್ಯೆ ಒಂದು ಲೇಖನಕ್ಕೆ ಒಂದೇ. ಪ್ರಕಾಶಕರು ಬದಲಾದರೂ, ಅಂತರ್ಜಾಲದಲ್ಲಿ ಲೇಖನದ ಜಾಗ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ಆದುದರಿಂದ ಎಲ್ಲಿಯಾದರೂ ಡಿಒಐ ಕಂಡರೆ ಅದನ್ನು ಮರೆಯದೆ ಬರೆದಿಡುವುದು ಒಳ್ಳೆಯದು.

ಇನ್ನೊಂದು ಎಚ್ಚರವೂ ಅಗತ್ಯ. ಹುಡುಕುತ್ತಿರುವುದು ಪತ್ರಿಕೆಯ ಲೇಖನವೋ ಅಥವಾ ಪುಸ್ತಕದ ಒಂದು ಅಧ್ಯಾಯವೋ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. ಮುಂಬಯಿಯಲ್ಲಿ ಹೊರಗೆ ಉಣ್ಣುವ ಪದ್ಧತಿ ಹೇಗೆ ಬೆಳೆಯಿತು ಎಂಬ ಬಗ್ಗೆ ಅಮೆರಿಕದ ಇತಿಹಾಸಕಾರ ಫ್ರಾಂಕ್ ಕಾನ್ಲನ್ ಬರೆದ 'ಡೈನಿಂಗ್ ಔಟ್ ಇನ್ ಬಾಂಬೆ' ಎಂಬ ಬರಹ ಯಾವ ಪತ್ರಿಕೆಯಲ್ಲೂ ಇಲ್ಲ. ಅದು ಕ್ಯಾರಲ್ ಬ್ರೆಕೆನ್‌ರಿಜ್ ಸಂಪಾದಿಸಿದ 'ಕನ್ಸ್ಯೂಮಿಂಗ್ ಮಾಡರ್ನಿಟಿ' ಎಂಬ 1995ರ ಪುಸ್ತಕದಲ್ಲಿದೆ. ಉಡುಪಿ ಹೊಟೇಲುಗಳ ಕುರಿತೇ ಇರುವ ಮತ್ತೊಂದು ಅಧ್ಯಾಯ 2012ರ 'ಕರೀಡ್ ಕಲ್ಚರ್ಸ್' ಎಂಬ ಪುಸ್ತಕದಲ್ಲಿದೆ. ಇವುಗಳನ್ನು ಪತ್ರಿಕೆಗಳ ಪಟ್ಟಿಯಲ್ಲಿ ಹುಡುಕಿದರೆ ಒಂದು ವಾರ ಹುಡುಕಿದರೂ ಸಿಗುವುದಿಲ್ಲ. ಪುಸ್ತಕದ ಹೆಸರು ಹಾಕಿದರೆ ಇದೆಯೋ ಇಲ್ಲವೋ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಲೇಖನದ ಹೆಸರಲ್ಲ, ಪತ್ರಿಕೆಯ ಹೆಸರು

ಹೊಸದಾಗಿ ಸಂಶೋಧನೆಗೆ ಇಳಿದವರು ಮಾಡುವ ಮೊದಲ ತಪ್ಪು ಎಂದರೆ ಗ್ರಂಥಾಲಯದ ಗಣಕೀಕೃತ ಸೂಚಿಯಲ್ಲಿ ಲೇಖನದ ಶೀರ್ಷಿಕೆ ಹಾಕಿ ಹುಡುಕುವುದು. ಸಾಮಾನ್ಯವಾಗಿ ಈ ಸೂಚಿಯಲ್ಲಿ ಇರುವುದು ಪುಸ್ತಕಗಳ ಮತ್ತು ಪತ್ರಿಕೆಗಳ ಹೆಸರು. ಪತ್ರಿಕೆಯ ಒಳಗಿನ ಒಂದೊಂದು ಲೇಖನದ ಹೆಸರು ಅದರಲ್ಲಿ ಇರುವುದಿಲ್ಲ. 'ಸಿಗಲಿಲ್ಲ' ಎಂದು ಬರುವ ಉತ್ತರ ನೋಡಿ ವಿದ್ಯಾರ್ಥಿ ಹಿಂದಿರುಗುತ್ತಾನೆ. ಪತ್ರಿಕೆಯ ಹೆಸರು ಹಾಕಿದ್ದರೆ ಅದೇ ಗ್ರಂಥಾಲಯದ ಮೂರನೇ ಕಪಾಟಿನಲ್ಲಿ ರಟ್ಟು ಕಟ್ಟಿದ ಸಂಪುಟ ಸಿಗಬಹುದಿತ್ತು!

ಎರಡನೆಯದಾಗಿ, ಹುಡುಕಿ ತೋರಿಸುವ ಜಾಗ ಬೇರೆ, ಓದಲು ಕೊಡುವ ಜಾಗ ಬೇರೆ. 2004ರ ನವೆಂಬರ್‌ನಲ್ಲಿ ಆರಂಭವಾದ ಗೂಗಲ್ ಸ್ಕಾಲರ್ ಲೇಖನ ಎಲ್ಲಿದೆ ಎಂದು ತೋರಿಸುತ್ತದೆ, ಆದರೆ ಬೀಗ ತೆಗೆಯುವ ಹೊಣೆ ಅದರದ್ದಲ್ಲ. ಹಾಗಿದ್ದರೂ ಅಲ್ಲಿ ಎರಡು ಉಪಯೋಗಗಳಿವೆ. ಲೇಖನದ ಹೆಸರಿನ ಬಲಬದಿಯಲ್ಲಿ ಪಿಡಿಎಫ್ ಎಂಬ ಕೊಂಡಿ ಇದ್ದರೆ ಅದು ಹೆಚ್ಚಾಗಿ ಉಚಿತ ಪ್ರತಿ. ಕೆಳಗೆ 'ಎಲ್ಲ ಆವೃತ್ತಿಗಳು' ಎಂಬಲ್ಲಿ ಒತ್ತಿದರೆ ಪ್ರಕಾಶಕರ ಬೀಗದ ಪ್ರತಿಯ ಜತೆಗೆ ಲೇಖಕರು ತಮ್ಮ ವಿಶ್ವವಿದ್ಯಾನಿಲಯದ ಭಂಡಾರದಲ್ಲಿ ಇಟ್ಟ ಪ್ರತಿಯೂ ಕಾಣಸಿಗಬಹುದು. ಅದರ ಸೆಟ್ಟಿಂಗ್ಸ್‌ನಲ್ಲಿ 'ಗ್ರಂಥಾಲಯ ಕೊಂಡಿ' ಎಂಬ ವಿಭಾಗಕ್ಕೆ ಹೋಗಿ ತಮ್ಮ ವಿಶ್ವವಿದ್ಯಾನಿಲಯದ ಹೆಸರು ಇದ್ದರೆ ಸೇರಿಸಿಕೊಳ್ಳಬಹುದು. ಆಮೇಲೆ ಆ ಗ್ರಂಥಾಲಯ ಚಂದಾ ಕಟ್ಟಿದ ಲೇಖನಗಳ ಪಕ್ಕದಲ್ಲಿ ಅದರ ಗುರುತು ಬರುತ್ತದೆ.

ಮೂರನೆಯದು ವರ್ಷದ ಲೆಕ್ಕ. ಒಂದು ಪತ್ರಿಕೆ ಗ್ರಂಥಾಲಯದಲ್ಲಿ 'ಇದೆ' ಎಂದರೆ ಅದರ ಎಲ್ಲ ವರ್ಷಗಳೂ ಇವೆ ಎಂದರ್ಥವಲ್ಲ. ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ಪಟ್ಟಿಯಲ್ಲಿಯೇ ನಮೂದಿಸಿರುತ್ತಾರೆ. 'ಜೆಸ್ಟೋರ್' ಎಂಬ ಭಂಡಾರ ಹಳೆಯ ಸಂಚಿಕೆಗಳಿಗೆ ಹೆಸರಾದದ್ದು. ಮುಂಬಯಿಯಿಂದಲೇ ಹೊರಡುವ 'ಇಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ'ಯ 1966ರಿಂದ ಈಚಿನ ಹಳೆಯ ಸಂಚಿಕೆಗಳು ಅಲ್ಲಿ ಸಿಗುತ್ತವೆ. ಆದರೆ ಅಲ್ಲಿನ ಅನೇಕ ಪತ್ರಿಕೆಗಳ ತೀರಾ ಇತ್ತೀಚಿನ ಮೂರು-ಐದು ವರ್ಷಗಳ ಸಂಚಿಕೆಗಳು ಇರುವುದಿಲ್ಲ. ಅವುಗಳಿಗೆ ಪ್ರಕಾಶಕರ ತಾಣಕ್ಕೇ ಹೋಗಬೇಕು. ಗ್ರಂಥಾಲಯದ ಆಸರೆ ಇಲ್ಲದವರೂ ಜೆಸ್ಟೋರ್‌ನಲ್ಲಿ ಸ್ವಂತ ಖಾತೆ ತೆರೆದು ಪ್ರತಿ ತಿಂಗಳು ನಿಗದಿತ ಸಂಖ್ಯೆಯ ಲೇಖನಗಳನ್ನು ಪರದೆಯ ಮೇಲೆ ಉಚಿತವಾಗಿ ಓದಬಹುದು.

ಇಡೀ ದೇಶಕ್ಕೆ ಒಂದೇ ಚಂದಾ

ಈ ವಿಷಯದಲ್ಲಿ ಕಳೆದ ಎರಡು ದಶಕಗಳಲ್ಲಿ ಆಗಿರುವ ಬದಲಾವಣೆ ಸಣ್ಣದಲ್ಲ. ಹಿಂದೆ ಪ್ರತಿಯೊಂದು ವಿಶ್ವವಿದ್ಯಾನಿಲಯವೂ ತನ್ನ ಶಕ್ತ್ಯಾನುಸಾರ ಪತ್ರಿಕೆಗಳನ್ನು ತರಿಸುತ್ತಿತ್ತು. ಚಂದಾ ಏರಿದಂತೆ ಒಂದೊಂದಾಗಿ ನಿಲ್ಲಿಸುತ್ತಿತ್ತು. ಗುಜರಾತಿನ ಗಾಂಧಿನಗರದಲ್ಲಿರುವ 'ಇನ್‌ಫ್ಲಿಬ್‌ನೆಟ್' ಕೇಂದ್ರ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಪರವಾಗಿ ಎಲ್ಲರಿಗೂ ಒಟ್ಟಾಗಿ ಚಂದಾ ಮಾಡಿಸುವ ಕೆಲಸಕ್ಕೆ ಕೈಹಾಕಿತು. ಮೊದಲು ವಿಶ್ವವಿದ್ಯಾನಿಲಯಗಳಿಗೆ, ಆಮೇಲೆ 'ಎನ್-ಲಿಸ್ಟ್' ಹೆಸರಿನಲ್ಲಿ ಕಾಲೇಜುಗಳಿಗೆ ಈ ಸೌಲಭ್ಯ ಬಂತು. 2015ರಲ್ಲಿ ಇಂಥ ಯೋಜನೆಗಳು ಸೇರಿ 'ಇ-ಶೋಧಸಿಂಧು' ಆಯಿತು.

2024ರ ನವೆಂಬರ್ 25ರಂದು ಕೇಂದ್ರ ಸಂಪುಟ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ನೀಡಿತು. 2025, 2026 ಮತ್ತು 2027 ಈ 3 ವರ್ಷಗಳಿಗೆ 6 ಸಾವಿರ ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13 ಸಾವಿರ ಪತ್ರಿಕೆಗಳು. ಕೇಂದ್ರ ಹಾಗೂ ರಾಜ್ಯ ಸರಕಾರಗಳ ಆಡಳಿತದಲ್ಲಿರುವ 6,300ಕ್ಕೂ ಹೆಚ್ಚು ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಂಶೋಧಕರಿಗೆ ಇದರ ಪ್ರಯೋಜನ ತಲಪಬೇಕೆಂಬುದು ಗುರಿ. 2025ರ ಜನವರಿ 1ರಂದು ಯೋಜನೆ ಆರಂಭವಾಯಿತು. ಇದರ ಉಸ್ತುವಾರಿಯೂ ಇನ್‌ಫ್ಲಿಬ್‌ನೆಟ್‌ನದ್ದೇ. ಎಲ್ಸೆವಿಯರ್, ಸ್ಪ್ರಿಂಗರ್ ನೇಚರ್, ವೈಲಿ, ಟೇಲರ್ ಆ್ಯಂಡ್ ಫ್ರಾನ್ಸಿಸ್, ಸೇಜ್, ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ದೊಡ್ಡ ಹೆಸರುಗಳೆಲ್ಲ ಈ ಪಟ್ಟಿಯಲ್ಲಿವೆ.

ಹೊಟೇಲು ಕೆಲಸದವರ ಕುರಿತಾದ ಆ ಲೇಖನ ಬಂದ ಪತ್ರಿಕೆಯ ಪ್ರಕಾಶಕರು ಸೇಜ್. ಅಂದರೆ ಡೊಂಬಿವಲಿಯ ಹುಡುಗಿ 3 ಸಾವಿರ ರೂಪಾಯಿ ಎಣಿಸುವ ಮೊದಲು ಗ್ರಂಥಪಾಲರಲ್ಲಿ ಎರಡೇ ಪ್ರಶ್ನೆ ಕೇಳಬೇಕು. ಈ ಪತ್ರಿಕೆ ನಮಗೆ ಲಭ್ಯವಿದೆಯೇ? 2006ರ ಸಂಚಿಕೆಯೂ ಅದರಲ್ಲಿ ಸೇರಿದೆಯೇ? ಎರಡನೆಯ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬಂದರೆ ಮುದ್ರಿತ ಸಂಪುಟ ಕಪಾಟಿನಲ್ಲಿದೆಯೇ ಎಂಬುದು ಮೂರನೆಯ ಪ್ರಶ್ನೆ.

ಇಲ್ಲಿ ಒಂದು ಕೊರತೆಯನ್ನೂ ಹೇಳಬೇಕು. ಯೋಜನೆ ಮಂಜೂರಾದದ್ದು ಸರಕಾರಿ ಸಂಸ್ಥೆಗಳಿಗೆ. ಖಾಸಗಿ ಆಡಳಿತದ ಕಾಲೇಜುಗಳಲ್ಲಿ ಓದುವವರು ತಮ್ಮ ಕಾಲೇಜಿಗೆ ಯಾವ ಸೌಲಭ್ಯ ಇದೆ ಎಂದು ಗ್ರಂಥಪಾಲರಲ್ಲಿಯೇ ವಿಚಾರಿಸಬೇಕು. ಎನ್-ಲಿಸ್ಟ್ ಸದಸ್ಯತ್ವ ಇದ್ದರೂ ವಿದ್ಯಾರ್ಥಿಗಳಿಗೆ ಅದರ ಗುಪ್ತಪದ ಸಿಗದೇ ಇರುವುದುಂಟು. ಕೇಳದಿದ್ದರೆ ಕೊಡುವವರಿಲ್ಲ.

ಲೋಕಲ್ ರೈಲಿನ ದಾರಿ ಉಳಿಸಿ

ಡೊಂಬಿವಲಿಯಿಂದ ರೈಲು ಹಿಡಿದು, ಕುರ್ಲಾದಲ್ಲಿ ಇಳಿದು, ಬಸ್ಸಿಗೋ ರಿಕ್ಷಾಕ್ಕೋ ಕಾದು ಕಲಿನಾದ ವಿದ್ಯಾನಗರಿ ತಲಪುವಷ್ಟರಲ್ಲಿ ಅರ್ಧ ದಿನದ ಶಕ್ತಿ ಹೋಗುತ್ತದೆ. ಅಲ್ಲಿನ ಜವಾಹರಲಾಲ್ ನೆಹರೂ ಗ್ರಂಥಾಲಯದ ಬಾಗಿಲಿಗೆ ದಿನವೂ ಹೋಗಲು ನೌಕರಿ ಮಾಡಿಕೊಂಡು ಸಂಶೋಧನೆ ನಡೆಸುವವರಿಗೆ ಸಾಧ್ಯವಿಲ್ಲ.

ವಿಶ್ವವಿದ್ಯಾನಿಲಯದ ಆವರಣದೊಳಗಿನ ಗಣಕಯಂತ್ರದಲ್ಲಿ ಪ್ರಕಾಶಕರ ತಾಣ ತೆರೆದರೆ ಗುಪ್ತಪದ ಕೇಳುವುದಿಲ್ಲ. ಆ ಜಾಲದ ಸಂಖ್ಯೆಯನ್ನು ನೋಡಿಯೇ 'ಇವರು ಚಂದಾದಾರರು' ಎಂದು ಅದು ಗುರುತಿಸುತ್ತದೆ. ಅದೇ ವಿದ್ಯಾರ್ಥಿ ಮನೆಗೆ ಬಂದು ತೆರೆದರೆ ಬೀಗ! ಆವರಣದಲ್ಲಿ ಕಂಡ ಲೇಖನ ಮನೆಯಲ್ಲಿ ಏಕೆ ಕಾಣುವುದಿಲ್ಲ ಎಂಬ ಗೊಂದಲಕ್ಕೆ ಇದೇ ಕಾರಣ.

ಇದಕ್ಕೂ ಪರಿಹಾರವಿದೆ. ಇನ್‌ಫ್ಲಿಬ್‌ನೆಟ್ ನಡೆಸುವ 'ಇನ್‌ಫೆಡ್' ಎಂಬ ವ್ಯವಸ್ಥೆಗೆ ಸೇರಿದ ಸಂಸ್ಥೆಗಳ ವಿದ್ಯಾರ್ಥಿಗಳು ತಮ್ಮ ಹೆಸರು ಮತ್ತು ಗುಪ್ತಪದ ಹಾಕಿ ಎಲ್ಲಿಂದಲಾದರೂ ಓದಬಹುದು. ಪ್ರಕಾಶಕರ ತಾಣದಲ್ಲಿ 'ಹಣ ಕಟ್ಟಿ' ಎಂಬುದರ ಆಸುಪಾಸಿನಲ್ಲಿಯೇ 'ಸಂಸ್ಥೆಯ ಮೂಲಕ ಪ್ರವೇಶ' ಎಂಬರ್ಥದ ಇನ್ನೊಂದು ಗುಂಡಿ ಇರುತ್ತದೆ. ಅದನ್ನು ಒತ್ತಿ, ಇನ್‌ಫೆಡ್ ಆರಿಸಿ, ತಮ್ಮ ಸಂಸ್ಥೆಯ ಹೆಸರು ಹುಡುಕಬೇಕು. ಖಾತೆ ತೆರೆದುಕೊಡುವವರು ಗ್ರಂಥಪಾಲರು. ಗುರುತುಚೀಟಿ ಹಿಡಿದು ಒಮ್ಮೆ ಹೋಗಿ ಬಂದರೆ ಆಮೇಲಿನ ನೂರು ಓಡಾಟ ಉಳಿಯುತ್ತದೆ.

ಓದುಗರ ಸಮಯ ಉಳಿಸುವುದು ಗ್ರಂಥಾಲಯದ ಧರ್ಮ ಎಂದು 1931ರಲ್ಲೇ ಸಾರಿದವರು ಡಾ. ಎಸ್. ಆರ್. ರಂಗನಾಥನ್. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, ಅಲ್ಲಿ 1962ರಲ್ಲಿ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ಆ ಹಿರಿಯರ ಹುಟ್ಟುಹಬ್ಬವನ್ನು ಆಗಸ್ಟ್ 12ರಂದು ಗ್ರಂಥಪಾಲಕರ ದಿನವೆಂದು ಆಚರಿಸುತ್ತಾರೆ. ಗ್ರಂಥಪಾಲರೆಂದರೆ ಪುಸ್ತಕಕ್ಕೆ ಮೊಹರು ಹಾಕುವವರು ಮಾತ್ರ ಎಂದು ಭಾವಿಸಿದ ವಿದ್ಯಾರ್ಥಿಗಳು ಈ ಮಾತನ್ನು ನೆನಪಿಡಬೇಕು.

ಹೆಸರು ಬದಲಾದ ಊರು, ಬದಲಾಗದ ಲೇಖನ

ಕನ್ನಡ ನಾಡು ಮತ್ತು ಹೊರನಾಡ ಕನ್ನಡಿಗರ ಬಗ್ಗೆ ಹುಡುಕುವವರಿಗೆ ಇನ್ನೊಂದು ತೊಡಕು ಇದೆ. ಅದು ಹೆಸರಿನದ್ದು. ಬಾಂಬೆ 1995ರಲ್ಲಿ ಮುಂಬಯಿ ಆಯಿತು. ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕ ಆಯಿತು. 2014ರಲ್ಲಿ ಬ್ಯಾಂಗಲೋರ್ ಬೆಂಗಳೂರು ಆಯಿತು, ಮ್ಯಾಂಗಲೋರ್ ಮಂಗಳೂರು ಆಯಿತು. ಆದರೆ ಹಳೆಯ ಲೇಖನಗಳು ಹಳೆಯ ಹೆಸರಿನಲ್ಲಿಯೇ ಕುಳಿತಿವೆ. ಇಂದಿನ ಹೆಸರನ್ನು ಮಾತ್ರ ಹಾಕಿ ಹುಡುಕಿದರೆ 1995ಕ್ಕಿಂತ ಹಿಂದಿನ ಮುಂಬಯಿಯೇ ಮಾಯ!

ಉಡುಪಿಯನ್ನು ಇಂಗ್ಲಿಷಿನಲ್ಲಿ 'ಉಡಿಪಿ' ಎಂದು ಬರೆದ ಬರಹಗಳಿವೆ. ಈ ನಗರದ ಹೊಟೇಲುಗಳ ಬೋರ್ಡಿನಲ್ಲಿಯೂ ಆ ಕಾಗುಣಿತ ಉಳಿದುಕೊಂಡಿದೆ. ಕನ್ನಡಕ್ಕೆ ಕೆನರೀಸ್, ಅದರಲ್ಲೂ ಎರಡು ಬಗೆಯ ಸ್ಪೆಲ್ಲಿಂಗ್. ಕರಾವಳಿಗೆ ಕೆನರಾ. ಹೀಗಿರುವಾಗ ಎಲ್ಲ ರೂಪಗಳನ್ನೂ ಒಂದೇ ಸಲ ಕೇಳುವ ಉಪಾಯ ತಿಳಿದಿರಬೇಕು. ಪದಗಳ ನಡುವೆ ಇಂಗ್ಲಿಷಿನ 'ಆರ್' ಎಂಬ ಪದವನ್ನು ದೊಡ್ಡಕ್ಷರದಲ್ಲಿ ಹಾಕಿದರೆ 'ಇದು ಅಥವಾ ಅದು' ಎಂದು ಗಣಕ ತಿಳಿಯುತ್ತದೆ. ಎರಡು ಪದಗಳು ಜತೆಯಾಗಿಯೇ ಬರಬೇಕಾದರೆ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಇಷ್ಟು ಕಲಿಯಲು ಹತ್ತು ನಿಮಿಷ ಸಾಕು. ಆದರೆ ಅದು ಉಳಿಸುವ ದಿನಗಳಿಗೆ ಲೆಕ್ಕವಿಲ್ಲ.

ಹಳೆಯ ಹೆಸರುಗಳ ಬೆನ್ನು ಹತ್ತಿದವರಿಗೆ ಈ ನಗರವೇ ಒಂದು ಗಣಿ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿಯೇ ಇದ್ದವು. ಕನ್ನಡ ಶಾಸನಗಳನ್ನು ಓದಿ ಪ್ರಕಟಿಸಿದ ಜೆ. ಎಫ್. ಫ್ಲೀಟ್ ಮುಂಬಯಿ ಪ್ರಾಂತದ ಅಧಿಕಾರಿ. ಅವರ ಬರಹಗಳು ಬಂದ 'ಇಂಡಿಯನ್ ಆ್ಯಂಟಿಕ್ವೆರಿ' 1872ರಲ್ಲಿ ಜೇಮ್ಸ್ ಬರ್ಜೆಸ್ ಅವರ ಸಂಪಾದಕತ್ವದಲ್ಲಿ ಹೊರಟದ್ದು ಇದೇ ಮುಂಬಯಿಯಿಂದ. ಕೃತಿಸ್ವಾಮ್ಯದ ಅವಧಿ ಮುಗಿದ ಇಂಥ ಸಂಪುಟಗಳು ಇಂದು 'ಇಂಟರ್ನೆಟ್ ಆರ್ಕೈವ್' ತಾಣದಲ್ಲಿ ಉಚಿತ. ಅವುಗಳಿಗಾಗಿ ಯಾರೂ ಒಂದು ಕಾಸೂ ಕೊಡಬೇಕಾಗಿಲ್ಲ. ಕಾಗದದ ಮೇಲೆಯೇ ನೋಡಬೇಕೆನ್ನುವವರಿಗೆ ಕೋಟೆ ಪ್ರದೇಶದಲ್ಲಿ 1804ರಷ್ಟು ಹಳೆಯದಾದ ಏಶಿಯಾಟಿಕ್ ಸೊಸೈಟಿ ಇದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ರಾಜಾಬಾಯಿ ಗೋಪುರದ ಬುಡದಲ್ಲಿ ವಿಶ್ವವಿದ್ಯಾನಿಲಯದ ಹಳೆಯ ಗ್ರಂಥಾಲಯವಿದೆ. ಹತ್ತಿಯ ವ್ಯಾಪಾರಿ ಪ್ರೇಮಚಂದ ರಾಯಚಂದ ಅವರು ಕೊಟ್ಟ ದಾನದಿಂದ 1878ರಲ್ಲಿ ಎದ್ದು ನಿಂತ ಕಟ್ಟಡ ಅದು. ಗೋಪುರಕ್ಕೆ ಅವರ ತಾಯಿಯ ಹೆಸರು.

ಸಿಗದೇ ಹೋದರೆ?

ಎಲ್ಲ ಬಾಗಿಲು ತಟ್ಟಿದರೂ ಕೆಲವು ಲೇಖನಗಳು ಸಿಗುವುದಿಲ್ಲ. ಆಗಲೂ ಧೃತಿಗೆಡಬೇಕಾಗಿಲ್ಲ.

ಮೊದಲನೆಯದು ಗ್ರಂಥಾಲಯಗಳ ನಡುವಿನ ಎರವಲು. ದಿಲ್ಲಿಯಲ್ಲಿ 1988ರಲ್ಲಿ ಆರಂಭವಾದ 'ಡೆಲ್ನೆಟ್' ಎಂಬ ಜಾಲದಲ್ಲಿ ದೇಶದ ಸಾವಿರಾರು ಗ್ರಂಥಾಲಯಗಳು ಸೇರಿವೆ. ತಮ್ಮ ಗ್ರಂಥಾಲಯ ಅದರ ಸದಸ್ಯನಾಗಿದ್ದರೆ ಬೇರೆಲ್ಲೋ ಇರುವ ಲೇಖನದ ಪ್ರತಿಯನ್ನು ತರಿಸಿಕೊಡಲು ಕೋರಬಹುದು. ಕೋರಿಕೆ ಹೋಗಬೇಕಾದದ್ದು ಗ್ರಂಥಪಾಲರ ಮೂಲಕ.

ಎರಡನೆಯದು ಲೇಖಕರಿಗೇ ಬರೆಯುವುದು. ವಿದ್ವತ್ ಪತ್ರಿಕೆಗಳಲ್ಲಿ ಬರೆಯುವವರಿಗೆ ಸಾಮಾನ್ಯವಾಗಿ ಸಂಭಾವನೆ ಇಲ್ಲ. ಓದುಗ ಕಟ್ಟುವ ಡಾಲರಿನಲ್ಲಿ ಅವರಿಗೆ ಪಾಲು ಸಿಗುವುದಿಲ್ಲ. ತಮ್ಮ ಲೇಖನವನ್ನು ಯಾರೋ ದೂರದ ಊರಿನಲ್ಲಿ ಓದಬಯಸುತ್ತಾರೆ ಎಂದರೆ ಅವರಿಗೂ ಸಂತೋಷ. ಲೇಖನದ ಮೊದಲ ಪುಟದಲ್ಲಿ ಇ-ಮೇಲ್ ವಿಳಾಸ ಇದ್ದರೆ, ತಾನು ಯಾರು, ಯಾವ ವಿಷಯದ ಮೇಲೆ ಸಂಶೋಧನೆ, ಯಾವ ಲೇಖನ ಬೇಕು ಎಂದು ನಾಲ್ಕು ಸಾಲಿನಲ್ಲಿ ವಿನಯದಿಂದ ಬರೆದರೆ ಉತ್ತರ ಬರುವ ಸಂಭವ ಹೆಚ್ಚು.

ಮೂರನೆಯದು 'ಶೋಧಗಂಗಾ'. ಪಿಎಚ್.ಡಿ. ಪ್ರಬಂಧಗಳನ್ನು ಗಣಕರೂಪದಲ್ಲಿ ಸಲ್ಲಿಸಬೇಕೆಂದು ಅನುದಾನ ಆಯೋಗ 2009ರಲ್ಲಿ ನಿಯಮ ಮಾಡಿತು. ಅಂದಿನಿಂದ ಲಕ್ಷಗಟ್ಟಲೆ ಮಹಾಪ್ರಬಂಧಗಳು ಇನ್‌ಫ್ಲಿಬ್‌ನೆಟ್‌ನ ಈ ಭಂಡಾರ ಸೇರಿವೆ. ಅಧ್ಯಾಯ ಅಧ್ಯಾಯವಾಗಿ ಇಳಿಸಿಕೊಳ್ಳಬಹುದು, ಬೀಗವಿಲ್ಲ. ಲೇಖನ ಸಿಗದಿದ್ದರೂ ಅದೇ ವಿಷಯದ ಬಗ್ಗೆ ಅದೇ ಲೇಖಕ ಬರೆದ ಪ್ರಬಂಧ ಸಿಕ್ಕಿದ ಉದಾಹರಣೆಗಳಿಗೆ ಕೊರತೆಯಿಲ್ಲ.

ಅಡ್ಡದಾರಿಯೂ ಒಂದಿದೆ. ಬೀಗ ಮುರಿದು ಲೇಖನ ಹಂಚುವ ತಾಣಗಳು ವಿದ್ಯಾರ್ಥಿಗಳ ನಡುವೆ ಗುಟ್ಟಾಗಿ ಉಳಿದಿಲ್ಲ. ಅಂಥ ತಾಣಗಳ ವಿರುದ್ಧ ಮೂರು ಪ್ರಕಾಶಕ ಸಂಸ್ಥೆಗಳು 2020ರಲ್ಲಿ ದಿಲ್ಲಿ ಹೈಕೋರ್ಟಿನ ಮೆಟ್ಟಿಲೇರಿದವು. 2025ರ ಆಗಸ್ಟ್‌ನಲ್ಲಿ ಅವುಗಳಲ್ಲಿ ಪ್ರಮುಖವಾದ 'ಸೈ-ಹಬ್' ತಾಣಕ್ಕೆ ತಡೆ ಹಾಕಲು ನ್ಯಾಯಾಲಯ ಆದೇಶಿಸಿತು. ಕಾನೂನಿನ ಮಾತು ಹಾಗಿರಲಿ, ನೇರ ದಾರಿ ತೆರೆದಿರುವಾಗ ಅಡ್ಡದಾರಿ ಹಿಡಿದು ಪೇಚಿಗೆ ಸಿಲುಕುವ ಅಗತ್ಯವಾದರೂ ಏನು? ಹಾಗೆಯೇ ತಮ್ಮ ಗುಪ್ತಪದವನ್ನು ಗೆಳೆಯರಿಗೆ ಕೊಡುವುದು, ಒಂದೇ ಸಲಕ್ಕೆ ಇಡೀ ಸಂಪುಟಗಳನ್ನು ಇಳಿಸಿಕೊಳ್ಳುವುದು ಸಲ್ಲದು. ಒಬ್ಬರು ಹೀಗೆ ಮಾಡಿದರೆ ಪ್ರಕಾಶಕರು ಇಡೀ ವಿಶ್ವವಿದ್ಯಾನಿಲಯದ ಬಾಗಿಲನ್ನೇ ಮುಚ್ಚಬಹುದು.

ಕನ್ನಡದ ಪಾಡು

13 ಸಾವಿರ ಪತ್ರಿಕೆಗಳ ಲೆಕ್ಕ ಕೇಳಿ ಖುಷಿಪಡುವಾಗ ಕನ್ನಡ ವಿದ್ಯಾರ್ಥಿಗಳಿಗೆ ಒಂದು ಸಣ್ಣ ನೋವು ಉಳಿಯುತ್ತದೆ. ಆ ಪಟ್ಟಿ ಮುಖ್ಯವಾಗಿ ಇಂಗ್ಲಿಷಿನದ್ದು. ಮುಂಬಯಿ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗದಲ್ಲಿ ಸಂಶೋಧನೆ ಮಾಡುವವರಿಗೆ ಬೇಕಾದದ್ದು ಬೇರೆ. ಅವರಿಗೆ ಬೇಕಾದದ್ದು ಒಂದು ಶತಮಾನ ದಾಟಿದ 'ಪ್ರಬುದ್ಧ ಕರ್ನಾಟಕ'ದ, ಸಾಹಿತ್ಯ ಪರಿಷತ್ತಿನ ಪತ್ರಿಕೆಯ ಹಳೆಯ ಸಂಚಿಕೆಗಳು, ಊರಿನ ವಿಶ್ವವಿದ್ಯಾನಿಲಯಗಳು ಹೊರತಂದ ವಿದ್ವತ್ ಪತ್ರಿಕೆಗಳು. ಇವುಗಳಿಗೆ ಡಿಒಐ ಇಲ್ಲ. ಕೆಲವು ಸಂಚಿಕೆಗಳ ಚಿತ್ರಪ್ರತಿ ಅಂತರ್ಜಾಲದಲ್ಲಿವೆ, ಉಳಿದವು ಮೈಸೂರು, ಧಾರವಾಡ, ಬೆಂಗಳೂರಿನ ಕಪಾಟುಗಳಲ್ಲಿವೆ.

ಶೋಧಗಂಗಾದಲ್ಲಿ ಕನ್ನಡ ಮಹಾಪ್ರಬಂಧಗಳು ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಅನೇಕವು ಪುಟದ ಚಿತ್ರ ತೆಗೆದು ಹಾಕಿದವು, ಇಲ್ಲವೇ ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಮಾಡಿದವು. ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕಕ್ಕೆ ಅದು ಕನ್ನಡವಲ್ಲ. ಆದ್ದರಿಂದ ಒಳಗಿನ ಪದ ಹಾಕಿ ಹುಡುಕಿದರೆ ಸಿಗುವುದಿಲ್ಲ. ಪ್ರಬಂಧದ ಹೆಸರು, ಸಂಶೋಧಕರ ಹೆಸರು, ಮಾರ್ಗದರ್ಶಕರ ಹೆಸರು, ಇವನ್ನು ಒಮ್ಮೆ ಕನ್ನಡದಲ್ಲಿ, ಇನ್ನೊಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ನೋಡಬೇಕು. ಊರಿಗೆ ಹೋದಾಗ ಮಾರ್ಗದರ್ಶಕರ ಪತ್ರ ಹಿಡಿದು ಅಲ್ಲಿನ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಒಂದು ದಿನ ಮೀಸಲಿಡುವುದೂ ಬುದ್ಧಿವಂತಿಕೆ. ಮದುವೆ, ಕೋಲ, ಜಾತ್ರೆಗೆಂದು ಹೇಗೂ ವರ್ಷಕ್ಕೊಮ್ಮೆ ಊರಿಗೆ ಹೋಗುವುದು ಇದ್ದೇ ಇದೆ.

ಸಂಘಸಂಸ್ಥೆಗಳು ಮನಸ್ಸು ಮಾಡಲಿ

ಮಹಾನಗರದ ಕನ್ನಡ ಸಂಘಸಂಸ್ಥೆಗಳು ಪ್ರತಿವರ್ಷ ವಿದ್ಯಾರ್ಥಿವೇತನ ಹಂಚುತ್ತವೆ, ಪುಸ್ತಕ ಹಂಚುತ್ತವೆ, ಅಂಕ ಗಳಿಸಿದ ಮಕ್ಕಳನ್ನು ಶಾಲು ಹೊದೆಸಿ ಸನ್ಮಾನಿಸುತ್ತವೆ. ಇವೆಲ್ಲವೂ ಶ್ಲಾಘನೀಯ. ಅದರ ಜತೆಗೆ ವರ್ಷಕ್ಕೊಂದು ಭಾನುವಾರ ಒಬ್ಬ ಅನುಭವಿ ಗ್ರಂಥಪಾಲರನ್ನು ಕರೆಸಿ, ಲೇಖನ ಹುಡುಕುವುದು ಹೇಗೆ ಎಂದು ಮಕ್ಕಳಿಗೆ ಎರಡು ಗಂಟೆ ತೋರಿಸಿಕೊಟ್ಟರೆ ಅದರ ಖರ್ಚು ಚಹಾ-ಬಿಸ್ಕೂಟಿನಷ್ಟೇ. ನಮ್ಮ ಸಂಘಗಳು ಹೊರತಂದ ಹಳೆಯ ಸ್ಮರಣ ಸಂಚಿಕೆಗಳೂ ಮುಂಬಯಿ ಕನ್ನಡಿಗರ ಇತಿಹಾಸಕ್ಕೆ ಆಧಾರಗಳೇ. ಅವು ಕಪಾಟಿನಲ್ಲಿ ಗೆದ್ದಲಿಗೆ ಆಹಾರವಾಗುವ ಮೊದಲು ಒಂದು ಪ್ರತಿಯನ್ನು ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಕೊಟ್ಟರೆ ನಾಳಿನ ಸಂಶೋಧಕರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಡೊಂಬಿವಲಿಯ ಆ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ತಂದೆಯ ಎದುರು ಮಗಳು ಆ ಲೇಖನವನ್ನು ಕನ್ನಡದಲ್ಲಿ ಓದಿ ಹೇಳುವ ಹೊತ್ತನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. "ಇದು ಸರಿ ಬರೆದಿದ್ದಾರೆ ಮಗಾ, ಆದರೆ ಇಲ್ಲಿ ಒಂದು ವಿಷಯ ಬಿಟ್ಟಿದ್ದಾರೆ" ಎಂದು ಆ ತಂದೆ ಹೇಳಬಹುದು. ವಿದ್ವಾಂಸರು ಬಿಟ್ಟ ಆ ಒಂದು ವಿಷಯವೇ ಮಗಳ ಮಹಾಪ್ರಬಂಧದ ಹೊಸ ಅಧ್ಯಾಯವಾಗಬಹುದು. ಆದರೆ ಬಿಟ್ಟದ್ದು ಯಾವುದು ಎಂದು ತಿಳಿಯಬೇಕಾದರೆ ಬರೆದದ್ದನ್ನು ಮೊದಲು ಪೂರ್ತಿ ಓದಬೇಕು. ಸಾರಾಂಶದ ಹತ್ತು ಸಾಲು ಅದಕ್ಕೆ ಸಾಲದು.